ಆಲ್ಬುಕರ್ಕಿ ಬಲೂನ್ ಉತ್ಸವಕ್ಕೆ ಆರ್‌ವಿಯಲ್ಲಿ ಹೋಗುವುದು ಹೇಗೆ: ಜಾಗ ಮೊದಲು, ಗಾಡಿ ಆಮೇಲೆ

ಸೆಪ್ಟೆಂಬರ್ ಬಂತೆಂದರೆ ಆರ್‌ವಿಯಲ್ಲಿ, ಅಂದರೆ ಹಾಸಿಗೆ, ಅಡುಗೆಮನೆ, ಬಚ್ಚಲು ಎಲ್ಲ ಒಳಗೇ ಇರುವ ಗಾಡಿಯಲ್ಲಿ, ಹೊರಡುವ ಪರಿಚಿತರಿಂದ ನನಗೆ ಒಂದೇ ಬಗೆಯ ಕರೆಗಳು ಶುರುವಾಗುತ್ತವೆ. "ಆರ್‌ವಿ ಬಾಡಿಗೆಗೆ ಹಿಡಿದಿದ್ದೇವೆ, ಮುಂಗಡವೂ ಕಟ್ಟಿಯಾಯಿತು. ಆಲ್ಬುಕರ್ಕಿಯಲ್ಲಿ ಎಲ್ಲಿ ನಿಲ್ಲಿಸುವುದು?" ಪ್ರಶ್ನೆ ಕೇಳಿದ ಕ್ಷಣವೇ ಪ್ರವಾಸ ಅರ್ಧ ಕೆಟ್ಟಿದೆ ಎಂದು ನನಗೆ ಗೊತ್ತಾಗುತ್ತದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ ಲೆಕ್ಕ ಅದು. ಬಲೂನ್ ಉತ್ಸವದ ಆರ್‌ವಿ ಪ್ರವಾಸಗಳು ಕೆಡುವುದು ಹಣ ಸಾಲದೆ ಅಲ್ಲ, ಕೆಲಸಗಳ ಕ್ರಮ ತಪ್ಪುವುದರಿಂದ. ಮೊದಲು ದಿನ, ಆಮೇಲೆ ಜಾಗ, ಆಮೇಲೆ ಗಾಡಿ, ಕೊನೆಗೆ ದಾರಿ. ಈ ಬರಹ ಅದೇ ಕ್ರಮದಲ್ಲಿದೆ. ಓದುವಾಗಲೂ ಹಂತ ಹಾರಬೇಡಿ.

ಇದು ನ್ಯೂ ಮೆಕ್ಸಿಕೊದ ಆಲ್ಬುಕರ್ಕಿ ಇಂಟರ್‌ನ್ಯಾಷನಲ್ ಬಲೂನ್ ಫಿಯೆಸ್ಟಾಕ್ಕೆಂದು ಬರೆದದ್ದು. ನಾಲ್ಕು ಜನರ ಕುಟುಂಬ, ಬಾಡಿಗೆಯ ಗಾಡಿ, ಆರ್‌ವಿ ಓಡಿಸುವುದು ಮೊದಲ ಸಲ ಎಂದು ಇಟ್ಟುಕೊಂಡಿದ್ದೇನೆ.

## ಹಂತ 1: ದಿನಗಳನ್ನು ಗೊತ್ತು ಮಾಡಿ

ಉತ್ಸವ ಸಾಮಾನ್ಯವಾಗಿ ಅಕ್ಟೋಬರ್ ತಿಂಗಳ ಮೊದಲ ಶನಿವಾರ ಶುರುವಾಗಿ, ಒಂಬತ್ತು ದಿನ ನಡೆದು, ಮುಂದಿನ ವಾರಾಂತ್ಯದ ಭಾನುವಾರ ಮುಗಿಯುತ್ತದೆ. ನೂರಾರು ಬಲೂನುಗಳು ಒಟ್ಟಿಗೆ ಏಳುವ ಮಾಸ್ ಅಸೆನ್ಷನ್ ಎರಡೂ ವಾರಾಂತ್ಯಗಳಲ್ಲಿ ಇರುತ್ತದೆ. ಪ್ರಾಣಿ, ಗೊಂಬೆ, ಬಂಡಿಯಂಥ ವಿಚಿತ್ರ ಆಕಾರದ ಬಲೂನುಗಳ ದಿನಗಳು ವಾರದ ನಡುವೆ, ಗುರುವಾರ ಮತ್ತು ಶುಕ್ರವಾರದ ಸುತ್ತ ಬರುತ್ತವೆ. ಮಕ್ಕಳಿದ್ದರೆ ಅವು ತಪ್ಪಬಾರದು.

ಒಂದೇ ಬೆಳಗನ್ನು ನಂಬಿಕೊಂಡು ಬರುವುದು ಅತಿ ಸಾಮಾನ್ಯವಾದ ತಪ್ಪು. ಬಿಸಿಗಾಳಿ ಬಲೂನಿಗೆ ಚುಕ್ಕಾಣಿ ಇಲ್ಲ. ನೆಲದ ಮಟ್ಟದಲ್ಲಿ ಗಾಳಿ ಗಂಟೆಗೆ ಸುಮಾರು ಹತ್ತು ಮೈಲಿಯ ಆಚೆ ಹೋದರೆ ಹಾರಾಟ ನಿಲ್ಲುವುದೇ ಹೆಚ್ಚು. ಮಳೆ ಬಂದರೂ ಅಷ್ಟೆ. ಹೀಗಾಗಿ ಕನಿಷ್ಠ ಮೂರು ಬೆಳಗುಗಳನ್ನು ಇಟ್ಟುಕೊಳ್ಳಿ. ನನ್ನ ಸಲಹೆ: ಬುಧವಾರ ಮಧ್ಯಾಹ್ನ ಬಂದು ಶನಿವಾರ ಅಥವಾ ಭಾನುವಾರ ಹೊರಡುವುದು. ವಿಚಿತ್ರ ಆಕಾರಗಳೂ ಸಿಗುತ್ತವೆ, ಕೊನೆಗೊಂದು ಮಾಸ್ ಅಸೆನ್ಷನ್ ಕೂಡ ಸಿಗುತ್ತದೆ, ಒಂದು ಬೆಳಗು ಗಾಳಿಗೆ ಹೋದರೂ ಮನಸ್ಸು ಕೆಡುವುದಿಲ್ಲ.

## ಹಂತ 2: ನಿಲ್ಲಿಸುವ ಜಾಗ ಹಿಡಿಯಿರಿ

ಉತ್ಸವ ನಡೆಯುವ ಬಲೂನ್ ಫಿಯೆಸ್ಟಾ ಪಾರ್ಕಿನ ಪಕ್ಕದಲ್ಲೇ ಆರ್‌ವಿಗಳಿಗೆಂದು ದೊಡ್ಡ ಬಯಲುಗಳಿವೆ. ಈ ಪ್ರವಾಸಕ್ಕೆ ಆರ್‌ವಿ ತರುವುದಕ್ಕೆ ನಿಜವಾದ ಕಾರಣವೇ ಇದು. ಊರಿನ ಹೋಟೆಲಿನಲ್ಲಿ ಉಳಿದವರು ನಸುಕಿನಲ್ಲೇ ಕಾರಿನ ಸಾಲಿನಲ್ಲಿ ನಿಂತಿರುವಾಗ, ನೀವು ಹಾಸಿಗೆಯಿಂದೆದ್ದು ಕಾಫಿ ಹಿಡಿದು ನಡೆದೇ ಮೈದಾನಕ್ಕೆ ಹೋಗಬಹುದು. ಪಾರ್ಕಿನಿಂದ ಅರವತ್ತು ಮೈಲಿ ದೂರದ ಸಾಂತಾ ಫೆಯಲ್ಲಿ ಆರ್‌ವಿ ನಿಲ್ಲಿಸಿ ಬೆಳಗಿನ ಜಾವ ಅದನ್ನೇ ಓಡಿಸಿಕೊಂಡು ಬರುವುದಾದರೆ ಆರ್‌ವಿ ಏಕೆ ಬೇಕು? ಕಾರು ಸಾಕು.

ಜಾಗ ಕಾಯ್ದಿರಿಸುವಾಗ ನಾಲ್ಕು ವಿಷಯಗಳನ್ನು ಓದಿ, ಬರೆದಿಟ್ಟುಕೊಳ್ಳಿ.

ಒಂದು, ಹುಕ್‌ಅಪ್ ಇದೆಯೇ. ಹೆಚ್ಚಿನ ಜಾಗಗಳಲ್ಲಿ ನೀರು, ವಿದ್ಯುತ್, ಚರಂಡಿ ಯಾವುದರ ಸಂಪರ್ಕವೂ ಇರುವುದಿಲ್ಲ. ನೀವು ಹೊತ್ತು ತಂದದ್ದರಲ್ಲೇ ಬದುಕಬೇಕು. ವಿದ್ಯುತ್, ನೀರು ಇರುವ ಜಾಗಗಳು ಕಡಿಮೆ, ದುಬಾರಿ, ಎಲ್ಲಕ್ಕಿಂತ ಮೊದಲು ತುಂಬುತ್ತವೆ.

ಎರಡು, ಗಾಡಿಯ ಉದ್ದದ ಮಿತಿ. ಜಾಗ ಮೊದಲು ಎಂದದ್ದು ಇದಕ್ಕೇ. ಅಳತೆ ಗೊತ್ತಿದ್ದರೆ ಅದಕ್ಕೆ ತಕ್ಕ ಗಾಡಿ ಹುಡುಕಬಹುದು. ಗಾಡಿಯನ್ನು ಕತ್ತರಿಸಿ ಜಾಗಕ್ಕೆ ಹೊಂದಿಸಲು ಆಗುವುದಿಲ್ಲ. ಕಾರನ್ನೂ ಎಳೆದು ತರುವುದಾದರೆ ಅದಕ್ಕೆ ಬೇರೆ ಪಾಸ್ ಬೇಕೇ ಎಂದು ನೋಡಿ.

ಮೂರು, ಜಾಗದ ಶುಲ್ಕದಲ್ಲಿ ಮೈದಾನದ ಪ್ರವೇಶವೂ ಸೇರಿದೆ ಎಂದು ಊಹಿಸಬೇಡಿ. ಬೆಳಗಿನ ಮತ್ತು ಸಂಜೆಯ ಕಾರ್ಯಕ್ರಮಗಳನ್ನು ಬೇರೆ ಬೇರೆ ಎಂದೇ ಲೆಕ್ಕ ಹಾಕುತ್ತಾರೆ. ಎರಡಕ್ಕೂ ಟಿಕೆಟ್ ಬೇಕು.

ನಾಲ್ಕು, ಜನರೇಟರ್ ನಿಲ್ಲಿಸಬೇಕಾದ ರಾತ್ರಿಯ ಸಮಯ. ಇದು ನಿಮ್ಮ ಬ್ಯಾಟರಿ ಲೆಕ್ಕವನ್ನೇ ನಿರ್ಧರಿಸುತ್ತದೆ.

ಪಾರ್ಕಿನ ಜಾಗ ಹಲವು ತಿಂಗಳು ಮೊದಲೇ ಮುಗಿಯುತ್ತದೆ, ಆದ್ದರಿಂದ ಹಿಂದಿನ ವರ್ಷದ ಉತ್ಸವ ಮುಗಿಯುತ್ತಿದ್ದಂತೆ ಅಧಿಕೃತ ಜಾಲತಾಣದ ಮೇಲೆ ಕಣ್ಣಿಡಿ. ಸಿಗದೆ ಹೋದರೆ ಎರಡನೆಯ ಆಯ್ಕೆ ಊರಿನ ಖಾಸಗಿ ಆರ್‌ವಿ ಪಾರ್ಕ್, ಇಲ್ಲವೇ ಉತ್ತರದ ಬರ್ನಲಿಯೊ. ಆಗ ಗಾಡಿಯನ್ನು ಅಲ್ಲೇ ಬಿಟ್ಟು ಪಾರ್ಕ್ ಅಂಡ್ ರೈಡ್ ಬಸ್ಸಿನಲ್ಲಿ ಬನ್ನಿ. ಅದರ ಟಿಕೆಟ್ಟಿನಲ್ಲಿ ಮೈದಾನದ ಪ್ರವೇಶ ಸೇರಿರುತ್ತದೆ, ಮುಂಗಡವಾಗಿಯೇ ಕೊಳ್ಳಬೇಕು. ಸುತ್ತಲಿನ ಕ್ಯಾಸಿನೊ, ವಾಲ್‌ಮಾರ್ಟ್‌ಗಳ ಬಯಲಿನಲ್ಲಿ ಉಳಿಯುವ ಯೋಚನೆ ಇದ್ದರೆ ಆಯಾ ಸ್ಥಳಕ್ಕೇ ಫೋನ್ ಮಾಡಿ ಅನುಮತಿ ಕೇಳಿ. ಹೋದ ವರ್ಷ ಯಾರೋ ಉಳಿದಿದ್ದರು ಎನ್ನುವುದು ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟುವ ಕಾವಲುಗಾರನಿಗೆ ಉತ್ತರವಲ್ಲ.

## ಹಂತ 3: ಗಾಡಿ ಆರಿಸಿ

ಮೊದಲ ಸಲದವರಿಗೆ ನಾನು ಹೇಳುವುದು ಒಂದೇ: ಸಿ ಕ್ಲಾಸ್ ಮೋಟರ್‌ಹೋಮ್, 22ರಿಂದ 26 ಅಡಿ. ಚಾಲಕನ ತಲೆಯ ಮೇಲೆ ಇನ್ನೊಂದು ಹಾಸಿಗೆ ಚಾಚಿಕೊಂಡಿರುತ್ತದಲ್ಲ, ಅದೇ. ಬಸ್ಸಿನಂಥ ಎ ಕ್ಲಾಸ್ ನೋಡಲು ಚೆನ್ನ, ಆದರೆ ತಿರುವಿನಲ್ಲಿ ಹಿಂಭಾಗ ಎದುರು ದಿಕ್ಕಿಗೆ ಬೀಸುತ್ತದೆ. ಅದನ್ನು ಪೆಟ್ರೋಲ್ ಬಂಕಿನ ಕಂಬಕ್ಕೆ ತಾಗಿಸಿದ ಮೇಲೆಯೇ ಹೆಚ್ಚಿನವರಿಗೆ ಪಾಠ ಆಗುವುದು. ಎಳೆದೊಯ್ಯುವ ಟ್ರೇಲರ್ ಬೇಕೆಂದರೆ ಹಿಮ್ಮುಖವಾಗಿ ನಿಲ್ಲಿಸುವ ಅಭ್ಯಾಸ ಮೊದಲೇ ಇರಬೇಕು.

ಬಾಡಿಗೆಯ ಒಪ್ಪಂದದಲ್ಲಿ ದಿನದ ದರಕ್ಕಿಂತ ಸಣ್ಣ ಅಕ್ಷರಗಳನ್ನು ನೋಡಿ: ದಿನಕ್ಕೆ ಎಷ್ಟು ಮೈಲಿ ಸೇರಿದೆ, ಜನರೇಟರಿಗೆ ಗಂಟೆಯ ಲೆಕ್ಕದಲ್ಲಿ ಬೇರೆ ಶುಲ್ಕವಿದೆಯೇ, ಕೊಳೆ ನೀರಿನ ಟ್ಯಾಂಕು ಖಾಲಿ ಮಾಡದೆ ಮರಳಿಸಿದರೆ ದಂಡವೆಷ್ಟು. ವಿಮೆಯ ವಿಷಯದಲ್ಲಿ ಉದಾಸೀನ ಬೇಡ. ಕ್ರೆಡಿಟ್ ಕಾರ್ಡಿನೊಂದಿಗೆ ಬರುವ ಬಾಡಿಗೆ ಕಾರಿನ ರಕ್ಷಣೆ ಸಾಮಾನ್ಯವಾಗಿ ಮೋಟರ್‌ಹೋಮ್‌ಗೆ ಅನ್ವಯಿಸುವುದಿಲ್ಲ. ನಿಮ್ಮ ಕಾರಿನ ವಿಮೆಯವರನ್ನೂ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಓಡಿಸುವ ಎಲ್ಲರ ಹೆಸರೂ ಒಪ್ಪಂದದಲ್ಲಿರಬೇಕು. ಭಾರತದಿಂದ ಬಂದ ತಂದೆಯೋ ಮಾವನೋ "ನಾನೂ ಒಂದಿಷ್ಟು ಓಡಿಸುತ್ತೇನೆ" ಎಂದರೆ, ಹೆಸರಿಲ್ಲದಿದ್ದರೆ ಕೊಡಬೇಡಿ.

ಇಂಧನಕ್ಕೆ ಗ್ಯಾಲನ್ನಿಗೆ 8ರಿಂದ 10 ಮೈಲಿ ಎಂದು ಹಿಡಿಯಿರಿ. ಡೆನ್ವರ್‌ನಿಂದ ಹೋಗಿ ಬರಲು ಸುಮಾರು 900 ಮೈಲಿ, ಅಂದರೆ ಹತ್ತಿರ ಹತ್ತಿರ 100 ಗ್ಯಾಲನ್.

## ಹಂತ 4: ನೀರು ಮತ್ತು ಬ್ಯಾಟರಿಯ ಲೆಕ್ಕ

ಪ್ರವಾಸಗಳು ನಿಜವಾಗಿ ಸೋಲುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ಓದಿ.

ಆರ್‌ವಿಯಲ್ಲಿ ಮೂರು ಟ್ಯಾಂಕುಗಳಿವೆ. ಒಂದು ಶುದ್ಧ ನೀರಿನದು. ಎರಡನೆಯದು ಗ್ರೇ ಟ್ಯಾಂಕ್, ಅಂದರೆ ಬಚ್ಚಲು ಮತ್ತು ಪಾತ್ರೆ ತೊಳೆದ ನೀರು ಸೇರುವ ಜಾಗ. ಮೂರನೆಯದು ಬ್ಲ್ಯಾಕ್ ಟ್ಯಾಂಕ್, ಶೌಚದ್ದು. ಶುದ್ಧ ನೀರಿನದು 40 ಗ್ಯಾಲನ್, ಉಳಿದೆರಡು ತಲಾ 30 ಎಂದು ಇಟ್ಟುಕೊಳ್ಳೋಣ. ನಿಮ್ಮ ಗಾಡಿಯ ಅಂಕಿಗಳನ್ನು ಕೇಳಿ ತಿಳಿದುಕೊಳ್ಳಿ.

ಮನೆಯಲ್ಲಿ ಮಾಡಿದಂತೆ ಐದು ನಿಮಿಷ ಷವರ್ ಬಿಟ್ಟರೆ ಹತ್ತು ಗ್ಯಾಲನ್ ಹೋಯಿತು. ನಾಲ್ವರು ಒಮ್ಮೆ ಹಾಗೆ ಸ್ನಾನ ಮಾಡಿದರೆ ಶುದ್ಧ ನೀರು ಮುಗಿಯಿತು. ಅದಕ್ಕಿಂತ ಮೊದಲೇ ಗ್ರೇ ಟ್ಯಾಂಕು ತುಂಬಿ, ಕೊಳೆ ನೀರು ಸ್ನಾನದ ತೊಟ್ಟಿಯ ತೂತಿನಿಂದ ಮೇಲೆ ಬರುತ್ತದೆ. ಎಲ್ಲರೂ ಬ್ಲ್ಯಾಕ್ ಟ್ಯಾಂಕಿಗೆ ಹೆದರುತ್ತಾರೆ, ಆದರೆ ಮೊದಲು ತುಂಬುವುದು ಯಾವಾಗಲೂ ಗ್ರೇ. ತಲೆಗೆ ದಿನಕ್ಕೆ ನಾಲ್ಕು ಗ್ಯಾಲನ್ ಎಂದು ಬಿಗಿ ಹಿಡಿದರೂ ನಾಲ್ವರಿಗೆ 40 ಗ್ಯಾಲನ್ ಎರಡೂವರೆ ದಿನ. ಹಾಸಿಗೆ ಇದ್ದಷ್ಟು ಕಾಲು ಚಾಚಲೇಬೇಕು.

ಆದ್ದರಿಂದ ಹೀಗೆ ಮಾಡಿ. ಕುಡಿಯುವ ನೀರನ್ನು ಬೇರೆ ಕ್ಯಾನುಗಳಲ್ಲಿ ತನ್ನಿ. ಟ್ಯಾಂಕಿನ ನೀರು ತೊಳೆಯಲು ಮಾತ್ರ. ಸ್ನಾನ ನಿಂತು ನಿಂತು: ಮೈ ತೋಯಿಸಿ, ನೀರು ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ತೊಳೆದುಕೊಳ್ಳಿ. ನಮ್ಮ ಚೊಂಬು ಬಕೆಟ್ಟಿನ ಪದ್ಧತಿ ಇದಕ್ಕಿಂತಲೂ ಉತ್ತಮ, ಎರಡು ಗ್ಯಾಲನ್ನಿನಲ್ಲಿ ಮುಗಿಯುತ್ತದೆ. ತಟ್ಟೆಗಳನ್ನು ಮೊದಲು ಕಾಗದದಿಂದ ಒರೆಸಿ ಆಮೇಲೆ ತೊಳೆಯಿರಿ. ಸಾರು, ಎಣ್ಣೆ, ಅನ್ನದ ಅಗುಳು ಗ್ರೇ ಟ್ಯಾಂಕಿಗೆ ಹೋದರೆ ಎರಡನೆಯ ದಿನವೇ ನಾರುತ್ತದೆ. ಹಗಲಿನಲ್ಲಿ ಮೈದಾನದ ಶೌಚಾಲಯ ಬಳಸಿದರೆ ಬ್ಲ್ಯಾಕ್ ಟ್ಯಾಂಕು ನಾಲ್ಕು ದಿನ ಸುಲಭವಾಗಿ ತಾಳುತ್ತದೆ.

ಈಗ ವಿದ್ಯುತ್. ಆಲ್ಬುಕರ್ಕಿಯಲ್ಲಿ ಅಕ್ಟೋಬರ್ ಮೊದಲ ವಾರಗಳ ನಸುಕಿನಲ್ಲಿ ತಾಪಮಾನ 5ರಿಂದ 8 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. ಮಧ್ಯಾಹ್ನ 20 ದಾಟುತ್ತದೆ. ಹೀಗಾಗಿ ಏಸಿಯ ಚಿಂತೆ ಬೇಡ, ರಾತ್ರಿಯ ಬಿಸಿಯ ಚಿಂತೆ ಬೇಕು. ಹೀಟರು ಪ್ರೊಪೇನ್ ಅನಿಲದಲ್ಲಿ ಉರಿಯುತ್ತದೆ, ಆದರೆ ಬಿಸಿಗಾಳಿಯನ್ನು ಒಳಗೆ ಊದುವ ಫ್ಯಾನು ಓಡುವುದು ಬ್ಯಾಟರಿಯಲ್ಲಿ. ಈ ಒಂದು ವಾಕ್ಯ ಗೊತ್ತಿಲ್ಲದೆ ನಾನು ಮೊದಲ ಸಲ ಮೂರು ಗಂಟೆಯ ಚಳಿಯಲ್ಲಿ ಎದ್ದು ಕುಳಿತೆ. ಸಿಲಿಂಡರ್ ತುಂಬಿತ್ತು, ಬ್ಯಾಟರಿ ಸಾಯುವ ಹಂತಕ್ಕೆ ಬಂದಿತ್ತು, ಹೀಟರಿನ ಕಿಂಡಿಯಿಂದ ತಣ್ಣನೆಯ ಗಾಳಿ ಬರುತ್ತಿತ್ತು. "ಬ್ಯಾಟರಿ ರಾತ್ರಿಯಿಡೀ ಬರುತ್ತದೆ" ಎಂದು ಗಾಡಿ ಕೊಟ್ಟವರು ಹೇಳಿದ್ದರು. ಬರುತ್ತದೆ, ಹಿಂದಿನ ಸಂಜೆ ಮಕ್ಕಳು ನಾಲ್ಕು ಗಂಟೆ ಟೀವಿ ನೋಡಿರದಿದ್ದರೆ.

ಲೆಕ್ಕ ಹೀಗೆ. 200 ಆಂಪಿಯರ್ ಗಂಟೆಯ ಸಾಮಾನ್ಯ ಸೀಸದ ಬ್ಯಾಟರಿಯಲ್ಲಿ ಬಳಸಬಹುದಾದದ್ದು ಅರ್ಧ, ಅಂದರೆ 100. ಹೀಟರಿನ ಫ್ಯಾನು ಓಡುವಾಗ ಸುಮಾರು 7 ಆಂಪಿಯರ್ ಎಳೆಯುತ್ತದೆ. ಹತ್ತು ಗಂಟೆಯ ರಾತ್ರಿಯಲ್ಲಿ ಅರ್ಧ ಹೊತ್ತು ಓಡಿದರೆ 35 ಖರ್ಚು. ಇದಕ್ಕೆ ದೀಪ, ನೀರಿನ ಪಂಪು, ಫೋನುಗಳನ್ನು ಸೇರಿಸಿ. ಒಂದು ರಾತ್ರಿಗೆ ಧಾರಾಳವಾಗಿದೆ, ಮಾರನೆಯ ದಿನ ತುಂಬಿಸದಿದ್ದರೆ ಎರಡನೆಯ ರಾತ್ರಿಯ ಕೊನೆಗೆ ಕುತ್ತು. ಬ್ಯಾಟರಿಯ ಮೀಟರು 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.1 ಅಂದರೆ ಅರ್ಧಕ್ಕೆ ಬಂದಿದೆ. ಮಲಗುವ ಮುನ್ನ ಈ ಸಂಖ್ಯೆ ನೋಡುವುದನ್ನು ಮನೆಯ ಬಾಗಿಲಿಗೆ ಬೀಗ ಹಾಕುವಂತೆ ರೂಢಿ ಮಾಡಿಕೊಳ್ಳಿ.

ಜನರೇಟರ್ ವಿಷಯದಲ್ಲಿ ಮೂರು ಎಚ್ಚರಿಕೆಗಳು. ಅದು ಸಾಮಾನ್ಯವಾಗಿ ಗಾಡಿಯ ಪೆಟ್ರೋಲನ್ನೇ ಕುಡಿಯುತ್ತದೆ, ಟ್ಯಾಂಕು ಕಾಲು ಭಾಗಕ್ಕೆ ಇಳಿದಾಗ ತಾನೇ ನಿಲ್ಲುತ್ತದೆ. ಗಾಡಿ ಎಲ್ಲಿಯೂ ಸಿಕ್ಕಿಹಾಕಿಕೊಳ್ಳದಿರಲಿ ಎಂದೇ ಹಾಗೆ ಮಾಡಿರುತ್ತಾರೆ. ಆದ್ದರಿಂದ ಬಯಲಿಗೆ ಹೋಗುವ ಮುನ್ನ ಪೂರ್ತಿ ತುಂಬಿಸಿ. ಆಲ್ಬುಕರ್ಕಿ ಸಮುದ್ರಮಟ್ಟದಿಂದ 5,000 ಅಡಿಗೂ ಎತ್ತರದಲ್ಲಿದೆ. ಪ್ರತಿ ಸಾವಿರ ಅಡಿಗೆ ಜನರೇಟರಿನ ಶಕ್ತಿ ಮೂರೂವರೆ ಶೇಕಡಾದಷ್ಟು ಕುಗ್ಗುತ್ತದೆ. 4,000 ವಾಟ್ ಎಂದು ಬರೆದದ್ದು ಅಲ್ಲಿ 3,300ರ ಆಸುಪಾಸು. ಮೈಕ್ರೋವೇವ್ ಮತ್ತು ಕಾಫಿ ಯಂತ್ರವನ್ನು ಒಟ್ಟಿಗೆ ಹಾಕಬೇಡಿ. ಮೂರನೆಯದು ಪ್ರಾಣದ ಮಾತು: ಹೊಗೆಯ ಕೊಳವೆ ಇರುವ ಬದಿಯ ಕಿಟಕಿ ಮುಚ್ಚಿ, ಪಕ್ಕದ ಗಾಡಿಯ ಹೊಗೆ ಎತ್ತ ಬರುತ್ತದೆ ಎಂದೂ ನೋಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಚಳಿಯೆಂದು ಅಡುಗೆ ಒಲೆ ಹಚ್ಚಿಟ್ಟು ಮಲಗುವುದಂತೂ ಬೇಡವೇ ಬೇಡ.

## ಹಂತ 5: ಗಾಡಿ ಪಡೆಯುವ ದಿನ

ಗಾಡಿಯ ಸುತ್ತ ಒಂದು ಸುತ್ತು ನಡೆದು ವೀಡಿಯೊ ಮಾಡಿ. ಚಾವಣಿಯ ಅಂಚು, ಹಿಂಬದಿಯ ಬಂಪರ್, ಬಿಸಿಲು ಮರೆ ಮಾಡುವ ಆನಿಂಗ್, ಟೈರಿನ ಬದಿಗಳು ತಪ್ಪಬಾರದು. ನಂತರ ಪ್ರತಿಯೊಂದನ್ನೂ ಅವರ ಎದುರೇ ಓಡಿಸಿ ನೋಡಿ: ಹೀಟರು, ಬಿಸಿನೀರು, ಪಂಪು, ಫ್ರಿಜ್, ಜನರೇಟರ್, ಮೆಟ್ಟಿಲು, ಅನಿಲ ಮತ್ತು ಕಾರ್ಬನ್ ಮೊನಾಕ್ಸೈಡ್ ಪತ್ತೆ ಯಂತ್ರಗಳ ಪರೀಕ್ಷಾ ಗುಂಡಿ. ಹೀಟರು ಐದು ನಿಮಿಷ ಓಡಲಿ. ಅರ್ಧ ನಿಮಿಷದಲ್ಲಿ "ನೋಡಿ, ಬಿಸಿ ಬಂತು" ಎಂದು ಆರಿಸಿಬಿಡುವವರಿದ್ದಾರೆ.

ಗಾಡಿಯಲ್ಲಿ ಈ ಸಾಮಾನುಗಳಿವೆಯೇ ಎಂದು ಎಣಿಸಿ, ಇಲ್ಲದಿದ್ದರೆ ಕೊಳ್ಳಿ:

- ಕುಡಿಯುವ ನೀರಿಗೆ ಮಾತ್ರ ಬಳಸುವ ಬಿಳಿಯ ಹೋಸ್, ನೀರಿನ ಒತ್ತಡ ತಗ್ಗಿಸುವ ರೆಗ್ಯುಲೇಟರ್
- ಕೊಳೆ ನೀರಿನ ದಪ್ಪ ಹೋಸ್, ಪಾರದರ್ಶಕ ಮೊಣಕೈ ಜೋಡಣೆ, ಬಿಸಾಡುವ ಕೈಗವಸು
- ಚಕ್ರದ ಕೆಳಗಿಡುವ ಸಮತಟ್ಟು ಹಲಗೆಗಳು, ಚಕ್ರ ಉರುಳದಂತೆ ಇಡುವ ಅಡ್ಡೆಗಳು, ಸಣ್ಣ ರಸಮಟ್ಟ
- ಟೈರಿನ ಒತ್ತಡ ಅಳೆಯುವ ಮಾಪಕ
- ತಲೆಗೆ ಕಟ್ಟುವ ದೀಪ, ತಲಾ ಒಂದು

ಗಾಡಿಯ ಎತ್ತರವನ್ನು ಅಡಿ ಮತ್ತು ಅಂಗುಲದಲ್ಲಿ ಕಾಗದದ ಮೇಲೆ ಬರೆದು ಸ್ಟೇರಿಂಗಿನ ಮುಂದೆ ಅಂಟಿಸಿ. ಹನ್ನೊಂದು ಹನ್ನೆರಡು ಅಡಿಯ ವಾಹನದಲ್ಲಿ ಕುಳಿತಿದ್ದೇನೆ ಎಂಬುದು ಡ್ರೈವ್ ಥ್ರೂ ಕಂಡ ಕೂಡಲೇ ಮರೆತುಹೋಗುತ್ತದೆ.

ಸಾಧ್ಯವಿದ್ದರೆ ಮೊದಲ ರಾತ್ರಿಯನ್ನು ಮನೆಯ ಹತ್ತಿರದ ಆರ್‌ವಿ ಪಾರ್ಕಿನಲ್ಲಿ, ಹುಕ್‌ಅಪ್ ಹಾಕದೆ ಕಳೆಯಿರಿ. ಏನು ಕೆಟ್ಟಿದೆ, ಏನು ಮರೆತಿದ್ದೇವೆ ಎಂಬುದು ಅಲ್ಲೇ ತಿಳಿದರೆ ಸರಿಪಡಿಸಬಹುದು.

## ಹಂತ 6: ದಾರಿ ಮತ್ತು ಗಡಿಯಾರ

ಫೋನಿನ ನಕ್ಷೆ ಏಳು ಗಂಟೆ ಎಂದರೆ ಆರ್‌ವಿಗೆ ಒಂಬತ್ತು. ಗಂಟೆಗೆ 60 ಮೈಲಿಯ ಸುತ್ತ ಓಡಿಸಿ, ಎರಡು ಗಂಟೆಗೊಮ್ಮೆ ನಿಲ್ಲಿಸಿ, ಟೈರುಗಳನ್ನು ಮುಟ್ಟಿ ನೋಡಿ. ಒಂದು ಚಕ್ರ ಮಾತ್ರ ಉಳಿದವಕ್ಕಿಂತ ತೀರಾ ಬಿಸಿಯಾಗಿದ್ದರೆ ಗಾಳಿ ಕಡಿಮೆಯಾಗಿದೆ ಅಥವಾ ಬ್ರೇಕು ಹಿಡಿದುಕೊಂಡಿದೆ ಎಂದರ್ಥ.

ಡೆನ್ವರ್ ಕಡೆಯಿಂದ ಐ-25 ಹೆದ್ದಾರಿಯಲ್ಲಿ ಬರುವವರು ಕೊಲೊರಾಡೊ ಗಡಿಯಲ್ಲಿ 7,834 ಅಡಿಯ ರಟೋನ್ ಕಣಿವೆ ದಾಟುತ್ತಾರೆ. ಸಾಂತಾ ಫೆ ದಾಟಿದ ಮೇಲೆ ಲಾ ಬಹಾಡಾ ಎಂಬ ಉದ್ದನೆಯ ಇಳಿಜಾರು ಸಿಗುತ್ತದೆ. ಇಳಿಯುವ ಮುನ್ನವೇ ಗೇರ್ ಕೆಳಗಿಳಿಸಿ, ಎಂಜಿನ್ ತಡೆಯಲಿ. ಬ್ರೇಕನ್ನೇ ಒತ್ತುತ್ತ ಬಂದರೆ ಸುಟ್ಟ ವಾಸನೆ ಬರುತ್ತದೆ. ಬಂದರೆ ಬದಿಗೆ ನಿಲ್ಲಿಸಿ ಆರಲು ಬಿಡಿ, ನೀರು ಹಾಕಬೇಡಿ. ಈ ದಾರಿಯಲ್ಲಿ ಲಾಸ್ ವೇಗಸ್ ಎಂಬ ಊರು ಬರುತ್ತದೆ. ಅದು ನ್ಯೂ ಮೆಕ್ಸಿಕೊದ್ದು, ರಾತ್ರಿ ತಂಗಲು ಒಳ್ಳೆಯ ಜಾಗ. ಕೊಠಡಿಯನ್ನೋ ಜಾಗವನ್ನೋ ಕಾಯ್ದಿರಿಸುವಾಗ ರಾಜ್ಯದ ಹೆಸರನ್ನು ಎರಡು ಸಲ ನೋಡಿ.

ಫೀನಿಕ್ಸ್ ಕಡೆಯಿಂದ ಫ್ಲ್ಯಾಗ್‌ಸ್ಟಾಫ್ ಮೂಲಕ ಐ-40ರಲ್ಲಿ ಬರುವವರಿಗೆ ಅಡ್ಡಗಾಳಿಯ ಕಾಟ. ಲಾರಿ ದಾಟಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಎರಡೂ ಕೈ ಸ್ಟೇರಿಂಗ್ ಮೇಲಿರಲಿ. ಅದಕ್ಕಿಂತ ದೊಡ್ಡ ಬಲೆ ಗಡಿಯಾರದ್ದು. ಅರಿಜೋನದ ಬಹುಭಾಗ ಬೇಸಿಗೆಯ ಸಮಯ ಬದಲಾವಣೆ ಪಾಲಿಸುವುದಿಲ್ಲ, ನ್ಯೂ ಮೆಕ್ಸಿಕೊ ಪಾಲಿಸುತ್ತದೆ. ಹೀಗಾಗಿ ಅಕ್ಟೋಬರಿನಲ್ಲಿ ಗಡಿ ದಾಟಿದ ಕೂಡಲೇ ಒಂದು ಗಂಟೆ ಮಾಯವಾಗುತ್ತದೆ. ಗೆಳೆಯರೊಬ್ಬರು ಆರ್‌ವಿಯ ಗೋಡೆ ಗಡಿಯಾರ ನಂಬಿಕೊಂಡು ಆರಾಮವಾಗಿ ಎದ್ದು ಬಂದಾಗ ಆಕಾಶ ತುಂಬ ಬಲೂನುಗಳಿದ್ದವು, ಮೈದಾನದಲ್ಲಿ ಒಂದೂ ಇರಲಿಲ್ಲ.

ಕೊನೆಯ ನಿಲುಗಡೆಯಲ್ಲಿ, ಅಂದರೆ ಪಾರ್ಕಿಗೆ ಐವತ್ತು ಅರವತ್ತು ಮೈಲಿ ಇರುವಾಗ, ಪೆಟ್ರೋಲ್ ಮತ್ತು ಪ್ರೊಪೇನ್ ತುಂಬಿಸಿ, ಶುದ್ಧ ನೀರು ತುಂಬಿಸಿ, ಉಳಿದೆರಡು ಟ್ಯಾಂಕುಗಳನ್ನು ಪೂರ್ತಿ ಖಾಲಿ ಮಾಡಿ. ನೀರನ್ನು ಮನೆಯಿಂದಲೇ ಹೊತ್ತು ತರಬೇಡಿ. 40 ಗ್ಯಾಲನ್ ಎಂದರೆ 330 ಪೌಂಡಿಗೂ ಹೆಚ್ಚು ತೂಕ. ಪೆಟ್ರೋಲ್ ಹಾಕಿಸುವಾಗ ಪ್ರೊಪೇನ್ ಮುಚ್ಚಿರಲಿ.

## ಹಂತ 7: ಬಯಲಿಗೆ ಬಂದು ನಿಲ್ಲಿಸುವುದು

ಬೆಳಗಿನ ಜನ ಹೊರಟು ಮುಗಿದ ಮೇಲೆ, ಸಂಜೆಯ ಜನ ಬರುವ ಮುನ್ನ ತಲುಪಿ. ಮಧ್ಯಾಹ್ನ ಹನ್ನೊಂದರಿಂದ ಎರಡರ ಒಳಗೆ ಎಂದಿಟ್ಟುಕೊಳ್ಳಿ. ಐ-25ರ ಅಲಮೇಡ ಮತ್ತು ಟ್ರಾಮ್‌ವೇ ನಿರ್ಗಮನಗಳು ಬೆಳಗಿನ ಜಾವ ಕಾರುಗಳಿಂದ ಕಿಕ್ಕಿರಿಯುತ್ತವೆ. ಜೊತೆಗೆ ನಿಮ್ಮ ಜಾಗಕ್ಕೆ ಯಾವ ಗೇಟು ಎಂದು ಪಾಸಿನ ಜೊತೆ ಕೊಟ್ಟ ಸೂಚನೆಯನ್ನೇ ಅನುಸರಿಸಿ, ಫೋನಿನ ನಕ್ಷೆಯನ್ನಲ್ಲ.

ಹಿಂದಕ್ಕೆ ತೆಗೆಯುವಾಗ ಒಬ್ಬರು ಕೆಳಗಿಳಿದು ಕೈಸನ್ನೆ ಮಾಡಬೇಕು. ಒಬ್ಬರೇ. ಅಪ್ಪ, ಅಮ್ಮ, ಭಾವ ಮೂವರೂ ಮೂರು ಕಡೆಯಿಂದ "ಬನ್ನಿ ಬನ್ನಿ" ಎಂದರೆ ಪಕ್ಕದ ಗಾಡಿಯ ಕನ್ನಡಿ ಹೋಗುತ್ತದೆ. ಸನ್ನೆ ಮಾಡುವವರು ಕನ್ನಡಿಯಲ್ಲಿ ಕಾಣದಿದ್ದರೆ ಚಾಲಕ ನಿಲ್ಲಿಸಬೇಕು.

ನಿಲ್ಲಿಸಿದ ಮೇಲಿನ ಕ್ರಮ: ಮೊದಲು ಹಲಗೆ ಹಾಕಿ ಸಮತಟ್ಟು ಮಾಡಿ, ಆಮೇಲೆ ಚಕ್ರಕ್ಕೆ ಅಡ್ಡೆ, ಆಮೇಲೆ ಗೋಡೆ ಹೊರಚಾಚುವ ಸ್ಲೈಡ್. ವಾಲಿರುವ ಗಾಡಿಯಲ್ಲಿ ಅನಿಲದಿಂದ ಓಡುವ ಫ್ರಿಜ್ ಸರಿಯಾಗಿ ತಣಿಯುವುದಿಲ್ಲ, ಕೆಡಲೂಬಹುದು. ಆನಿಂಗನ್ನು ನೀವು ಕೆಳಗೆ ಕುಳಿತಿರುವಾಗ ಮಾತ್ರ ಬಿಚ್ಚಿ. ಮಧ್ಯಾಹ್ನದ ಒಂದೇ ಬೀಸುಗಾಳಿಗೆ ಅದು ಚಾವಣಿಯ ಮೇಲೆ ಮಗುಚಿಕೊಳ್ಳುತ್ತದೆ, ಬಾಡಿಗೆಯವರ ಬಿಲ್ಲಿನಲ್ಲಿ ಅದು ದೊಡ್ಡ ಸಾಲು.

ನೆಲವನ್ನೂ ನೋಡಿ. ಅಲ್ಲಿನವರು ಗೋಟ್‌ಹೆಡ್ ಎನ್ನುವುದು ನಮ್ಮ ನೆಗ್ಗಿಲು ಮುಳ್ಳೇ, ಅದೇ ಗಿಡ. ಬರಿಗಾಲು ಬೇಡ. ಮಕ್ಕಳ ಸೈಕಲ್ ತಂದಿದ್ದರೆ ಪಂಕ್ಚರ್ ಸಾಮಾನು ಜೊತೆಗಿರಲಿ.

ಇಷ್ಟು ಎತ್ತರದಲ್ಲಿ ನೀರು ಕುದಿಯುವುದು ಸುಮಾರು 95 ಡಿಗ್ರಿಯಲ್ಲೇ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದನ್ನು ಕಾಯುತ್ತ ಅನಿಲ ಸುಡುವ ಬದಲು ಕುಕ್ಕರ್ ತನ್ನಿ.

## ಹಂತ 8: ಉತ್ಸವದ ಬೆಳಗು

ಆ ಹೊತ್ತಿಗೆ ಆಲ್ಬುಕರ್ಕಿಯಲ್ಲಿ ಸೂರ್ಯ ಏಳುವುದು ಏಳು ಗಂಟೆಯ ಸುಮಾರಿಗೆ. ಅದಕ್ಕೂ ಒಂದು ಗಂಟೆ ಮೊದಲು, ಕತ್ತಲಲ್ಲೇ, ಡಾನ್ ಪಟ್ರೋಲ್ (ನಸುಕಿನ ಪಹರೆ) ಎಂಬ ಕೆಲವು ಬಲೂನುಗಳು ದೀಪ ಹಚ್ಚಿಕೊಂಡು ಏಳುತ್ತವೆ. ಯಾವ ಎತ್ತರದಲ್ಲಿ ಗಾಳಿ ಎತ್ತ ಬೀಸುತ್ತಿದೆ ಎಂದು ಉಳಿದ ಪೈಲಟ್‌ಗಳು ಅವನ್ನು ನೋಡಿ ತಿಳಿಯುತ್ತಾರೆ. ಏಳರ ಹೊತ್ತಿಗೆ ಮಾಸ್ ಅಸೆನ್ಷನ್. ಆದ್ದರಿಂದ ನಾಲ್ಕೂಮುಕ್ಕಾಲಿಗೆ ಏಳಿ, ಐದೂಕಾಲಿಗೆ ಗಾಡಿ ಬಿಡಿ. ನಿಮ್ಮ ಸಾಲು ದೂರವಿದ್ದರೆ ನಡಿಗೆಗೇ ಅರ್ಧ ಗಂಟೆ ಬೇಕು.

ಬಟ್ಟೆ ಪದರ ಪದರವಾಗಿರಲಿ. ಹತ್ತು ಗಂಟೆಗೆ ಸ್ವೆಟರ್ ಕೈಗೆ ಬರುತ್ತದೆ. ಊರಿನಿಂದ ಬಂದ ಹಿರಿಯರಿಗೆ ಕಿವಿ ಮುಚ್ಚುವ ಟೋಪಿ, ಕೈಗವಸು ಕೊಡಿ. ಎತ್ತರದಿಂದಾಗಿ ಬಾಯಾರಿಕೆ ತಿಳಿಯದೆಯೇ ತಲೆನೋವು ಬರುತ್ತದೆ, ನೀರು ಕುಡಿಸುತ್ತಲೇ ಇರಿ.

ಮೈದಾನದಲ್ಲಿ ಬಲೂನುಗಳ ನಡುವೆಯೇ ನಡೆಯಲು ಬಿಡುತ್ತಾರೆ. ಅದೇ ಇಲ್ಲಿನ ಸೊಗಸು, ಅದೇ ಜವಾಬ್ದಾರಿ. ನೆಲದ ಮೇಲೆ ಹರಡಿದ ಬಟ್ಟೆಯನ್ನೂ ಹಗ್ಗವನ್ನೂ ತುಳಿಯಬೇಡಿ, ಗಾಳಿ ತುಂಬುವ ಫ್ಯಾನಿನ ಹತ್ತಿರ ಮಕ್ಕಳನ್ನು ಬಿಡಬೇಡಿ. ಕಪ್ಪು ಬಿಳುಪು ಪಟ್ಟೆಯ ಅಂಗಿ ತೊಟ್ಟವರನ್ನು ಜೀಬ್ರಾಗಳು ಎನ್ನುತ್ತಾರೆ. ಯಾವ ಬಲೂನು ಯಾವಾಗ ಏಳಬೇಕೆಂದು ಹೇಳುವವರು ಅವರೇ. ಅವರು ಸರಿಯಿರಿ ಎಂದರೆ ಫೋಟೊ ಅರ್ಧಕ್ಕೆ ಬಿಟ್ಟು ಸರಿಯಿರಿ. ಡ್ರೋನ್ ನಿಷಿದ್ಧ. ಸಾಕುನಾಯಿಗೂ ಮೈದಾನಕ್ಕೆ ಪ್ರವೇಶವಿಲ್ಲ. ಗಾಡಿಯಲ್ಲಿ ಬಿಟ್ಟರೂ ತಲೆಯ ಮೇಲೆ ಬರ್ನರ್ ಭುಸ್ಸೆಂದಾಗ ಅದು ಗಾಬರಿಯಾಗುತ್ತದೆ, ಮನೆಯಲ್ಲೇ ಬಿಟ್ಟು ಬರುವುದು ಮೇಲು.

ಮೂರು ಬೆಳಗಿದ್ದರೆ ಒಂದನ್ನು ಗಾಡಿಯ ಹತ್ತಿರವೇ ಕಳೆಯಿರಿ. ಈ ಊರಿನ ಗಾಳಿಗೆ ಒಂದು ಗುಣವಿದೆ: ಒಳ್ಳೆಯ ದಿನಗಳಲ್ಲಿ ಕೆಳಮಟ್ಟದ ಗಾಳಿ ಬಲೂನನ್ನು ದಕ್ಷಿಣಕ್ಕೆ ಒಯ್ಯುತ್ತದೆ, ಮೇಲಿನ ಗಾಳಿ ಉತ್ತರಕ್ಕೆ ಮರಳಿ ತರುತ್ತದೆ. ಇದಕ್ಕೆ ಆಲ್ಬುಕರ್ಕಿ ಬಾಕ್ಸ್ ಎಂದೇ ಹೆಸರು. ಮೈದಾನದ ದಕ್ಷಿಣದ ಆರ್‌ವಿ ಬಯಲಿನ ಮೇಲೆ ಬಲೂನುಗಳು ತೀರಾ ತಗ್ಗಿನಲ್ಲಿ ಹಾದುಹೋಗುವುದು ಇದರಿಂದಲೇ. ಕುರ್ಚಿ ಹಾಕಿಕೊಂಡು ಕುಳಿತರೆ ಸಾಕು. ಬಾಡಿಗೆ ಗಾಡಿಯ ಚಾವಣಿ ಹತ್ತುವ ಆಸೆ ಬೇಡ, ಅದು ಭಾರ ತಾಳಲೆಂದು ಮಾಡಿದ್ದಲ್ಲ.

## ಹಂತ 9: ಗಾಳಿ ಎದ್ದಾಗ

ಹಸಿರು ಬಾವುಟ ಏರಿದರೆ ಹಾರಾಟ ಉಂಟು, ಹಳದಿ ಎಂದರೆ ಕಾಯುತ್ತಿದ್ದಾರೆ, ಕೆಂಪು ಎಂದರೆ ರದ್ದು. ಹಳದಿ ಕಂಡ ಕೂಡಲೇ ತಿಂಡಿಗೆ ಹೊರಡುವವರು ಹತ್ತು ನಿಮಿಷದ ಬಳಿಕದ ಹಸಿರನ್ನು ತಪ್ಪಿಸಿಕೊಳ್ಳುತ್ತಾರೆ. ಕೆಂಪು ಬರುವವರೆಗೆ ಜಾಗ ಬಿಡಬೇಡಿ.

ಸಂಜೆ ಬಲೂನುಗಳು ನೆಲದಲ್ಲೇ ನಿಂತು ಬೆಳಗುವ ಗ್ಲೋ ಕಾರ್ಯಕ್ರಮಕ್ಕೂ ಇದೇ ನಿಯಮ. ಮಧ್ಯಾಹ್ನದ ಗಾಳಿ ಸಂಜೆಗೆ ಇಳಿಯದಿದ್ದರೆ ಅದೂ ಇಲ್ಲ. ಗಾಡಿಯ ಒಳಗಿಂದಲೇ ಸುಳಿವು ಸಿಗುತ್ತದೆ: ಐದು ಗಂಟೆಗೆ ಪಕ್ಕದವರ ಬಾವುಟ ಪಟಪಟ ಬಡಿಯುತ್ತಿದ್ದರೆ ಅಡುಗೆ ಶುರು ಮಾಡಿ. ಬಲೂನಿನಲ್ಲಿ ನೀವೇ ಹಾರಬೇಕೆಂದು ಟಿಕೆಟ್ ಕೊಂಡಿದ್ದರೆ ಅದನ್ನು ಮೊದಲ ಬೆಳಗಿಗೇ ಇಡಿ. ರದ್ದಾದರೆ ಮುಂದೂಡಲು ದಿನಗಳಿರುತ್ತವೆ.

## ಹಂತ 10: ಹೊರಡುವುದು

ಕೊನೆಯ ಭಾನುವಾರ ಮಧ್ಯಾಹ್ನ ಇಡೀ ಬಯಲು ಒಟ್ಟಿಗೆ ಹೊರಡುತ್ತದೆ, ಕೊಳೆ ಟ್ಯಾಂಕು ಖಾಲಿ ಮಾಡುವ ಹತ್ತಿರದ ಡಂಪ್ ಕೇಂದ್ರಗಳಲ್ಲೆಲ್ಲ ಸಾಲು. ಟ್ಯಾಂಕುಗಳು ಉಕ್ಕುವ ಹಂತದಲ್ಲಿಲ್ಲದಿದ್ದರೆ ಹಾಗೇ ಹೊರಟು, ಒಂದೆರಡು ಗಂಟೆಯ ಆಚೆ ಹೆದ್ದಾರಿಯ ದೊಡ್ಡ ಟ್ರಕ್ ನಿಲ್ದಾಣದಲ್ಲಿ ಹಣ ಕೊಟ್ಟು ಖಾಲಿ ಮಾಡಿ.

ಖಾಲಿ ಮಾಡುವ ಕ್ರಮ ತಪ್ಪಬಾರದು. ಕೈಗವಸು ಹಾಕಿ, ಹೋಸನ್ನು ಎರಡೂ ಕಡೆ ಬಿಗಿದು, ಮೊದಲು ಬ್ಲ್ಯಾಕ್ ತೆರೆಯಿರಿ. ಅದು ಪೂರ್ತಿ ಬರಿದಾದ ಮೇಲೆ ಮುಚ್ಚಿ, ನಂತರ ಗ್ರೇ. ಆ ಸೋಪು ನೀರೇ ಹೋಸನ್ನು ತೊಳೆಯುತ್ತದೆ. ಹುಕ್‌ಅಪ್ ಇರುವ ಜಾಗದಲ್ಲಿ ಬ್ಲ್ಯಾಕ್ ಕವಾಟವನ್ನು ದಿನವಿಡೀ ತೆರೆದಿಡಬೇಡಿ. ನೀರು ಹರಿದುಹೋಗಿ ಗಟ್ಟಿ ಉಳಿದು ಗೋಪುರ ಕಟ್ಟುತ್ತದೆ, ಅದನ್ನು ಬಿಡಿಸುವ ಕೆಲಸವನ್ನು ನಾನು ವರ್ಣಿಸುವುದಿಲ್ಲ. ಕುಡಿಯುವ ನೀರಿನ ಬಿಳಿ ಹೋಸನ್ನು ಡಂಪ್ ಕೇಂದ್ರದ ನಲ್ಲಿಗೆ ಮುಟ್ಟಿಸಲೂ ಬೇಡಿ.

ಗಾಡಿ ಚಲಿಸುವ ಮುನ್ನ ಒಬ್ಬರೇ ಸುತ್ತು ಬಂದು ನೋಡಿ: ಮೆಟ್ಟಿಲು ಒಳಗೆ, ಆನಿಂಗ್ ಒಳಗೆ, ಆಂಟೆನಾ ಕೆಳಗೆ, ಅಡ್ಡೆಗಳು ಡಬ್ಬಿಯಲ್ಲಿ, ಫ್ರಿಜ್ ಬಾಗಿಲಿಗೆ ಚಿಲಕ, ಚಪ್ಪಲಿಗಳ ಅಡಿಯಲ್ಲಿ ನೆಗ್ಗಿಲು ಮುಳ್ಳು ಇಲ್ಲ. ಮರಳಿಸುವಾಗ ಪೆಟ್ರೋಲ್ ಮುಳ್ಳು, ಓಡೋಮೀಟರ್, ಜನರೇಟರ್ ಗಂಟೆಯ ಮೀಟರ್, ಖಾಲಿ ಟ್ಯಾಂಕುಗಳ ಸೂಚಕ ನಾಲ್ಕಕ್ಕೂ ಫೋಟೊ ತೆಗೆದು, ಅವರ ಆವರಣ ಬಿಡುವ ಮುನ್ನವೇ ರಸೀದಿಗೆ ಸಹಿ ಹಾಕಿಸಿಕೊಳ್ಳಿ.